ಸಹಿ ಹಾಕಿದ ಹಾಳೆ

ಪ್ರೆಸ್ಸಿನಲ್ಲಿ ನಾವೆಲ್ಲ ಅವರನ್ನು ಬಣ್ಣದ ಮಾವ ಎನ್ನುತ್ತಿದ್ದೆವು. ಮೂವತ್ತೊಂದು ವರ್ಷ ಅವರದು ಒಂದೇ ಕೆಲಸ. ಮಷಿನ್ನಿನಿಂದ ಬಂದ ಮೊದಲ ಹಾಳೆಯನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಬಣ್ಣ ಸರಿಯಿದೆಯೇ ಎಂದು ನೋಡುವುದು. ಸರಿಯಿದ್ದರೆ ಮೂಲೆಯಲ್ಲಿ ಸಹಿ. ಮಷಿನ್ ನಡೆಸುವ ನಾನು ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಉಳಿದ ಸಾವಿರಾರು ಹಾಳೆಗಳನ್ನು ಅದರಂತೆಯೇ ತೆಗೆಯಬೇಕು. ಸಹಿಯಾದ ಮೇಲೆ ಯಾರೂ ತುಟಿಪಿಟಕ್ಕೆನ್ನುವಂತಿರಲಿಲ್ಲ.

ನಮ್ಮಲ್ಲಿ ಅಚ್ಚಾಗುತ್ತಿದ್ದುದು ಮನೆಯ ಒಳಾಂಗಣದ ಪುಸ್ತಕಗಳು, ಸಿನಿಮಾ ತೆಗೆಯುವುದನ್ನು, ನಟನೆಯನ್ನು ಕಲಿಸುವವು, ಚಿತ್ರಕಲೆಯವು. ಮಾವನಿಗೆ ಒಂದೊಂದರ ಮೇಲೂ ಒಂದೊಂದು ಬಗೆಯ ಸಿಟ್ಟು. “ಈ ಸೋಫಾ ಮೇಲೆ ಯಾವ ಪುಣ್ಯಾತ್ಮನೂ ಕೂತಿಲ್ಲ ಕಣೋ. ಕೂತಿದ್ರೆ ಒಂದು ಕುಳಿಯಾದ್ರೂ ಬೀಳ್ತಿತ್ತು” ಎನ್ನುವರು. ನಟನೆಯ ಪುಸ್ತಕದಲ್ಲಿ ದುಃಖದ ಮುಖ ತೋರಿಸಿ, “ಇದು ದುಃಖ ಅಲ್ಲ, ಹಲ್ಲುನೋವು” ಎನ್ನುವರು. ಅವರ ಎರಡು ಕೋಣೆಯ ಮನೆಯಲ್ಲಿ ಮಾತ್ರ ಗೋಡೆಗೆ ಬರೀ ಸುಣ್ಣ. ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ.

ಅಂಥವರಿಗೂ ಒಬ್ಬರ ಮೇಲೆ ಗೌರವವಿತ್ತು. ಹಾಸಿಗೆ ಹಿಡಿದಿದ್ದ ಒಬ್ಬ ಹಿರಿಯ ಕಲಾವಿದೆ. ಅವರ ಚಿತ್ರಗಳೆಲ್ಲ ಒಂದು ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋಗಿದ್ದವು. ಉಳಿದದ್ದು ಅವುಗಳ ಫೋಟೋ ತೆಗೆದಿದ್ದ ಹಳೆಯ ಸ್ಲೈಡುಗಳು, ಅವೂ ಬಣ್ಣಗೆಟ್ಟು ಕೆಂಪಗಾಗಿದ್ದವು. ಅವುಗಳಿಂದಲೇ ಪುಸ್ತಕವಾಗಬೇಕಿತ್ತು. ಅದರಲ್ಲೊಂದು, ಇಪ್ಪತ್ತೆರಡಕ್ಕೇ ಅಪಘಾತದಲ್ಲಿ ತೀರಿಕೊಂಡ ಅವರ ತಂಗಿಯ ಚಿತ್ರ. ಆ ಹುಡುಗಿಯ ಮುಖ ಇನ್ನೆಲ್ಲೂ ಉಳಿದಿರಲಿಲ್ಲ.

“ಆ ಬಣ್ಣ ನೆನಪಿರೋದು ನನಗೆ ಮತ್ತೆ ನಿಮಗೆ. ನನ್ನ ಕೈಲಿ ಬರೋಕಾಗಲ್ಲ, ಇವಳನ್ನ ನೀವೇ ನೋಡ್ಕೊಳ್ಳಿ” ಎಂದು ಅವರು ಮಾವನಿಗೆ ಹೇಳಿ ಕಳಿಸಿದರು. ಅಸಲು ಚಿತ್ರವನ್ನು ಮಾವ ಹಿಂದೊಮ್ಮೆ ಪ್ರದರ್ಶನದಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದರು. ಬೇರೆ ಕೆಲಸಗಳಲ್ಲಿ ಹೋಲಿಸಲು ಅಸಲು ಪಕ್ಕದಲ್ಲೇ ಇರುತ್ತಿತ್ತು, ಇಲ್ಲಿ ನೆನಪೊಂದೇ.

ತಂಗಿಯ ಹಾಳೆ ಮಷಿನ್ನಿಗೆ ಬಂತು. “ಹಳದಿ ಜಾಸ್ತಿ, ಇಳಿಸು” ಎಂದರು. ಇಳಿಸಿದೆ. “ಇನ್ನೂ ಇಳಿಸು. ನೀಲಿ ಏರಿಸು.” ನಾಲ್ಕನೆಯ ಹಾಳೆಯ ಹೊತ್ತಿಗೆ ಆ ಮುಖ ನನ್ನ ಕಣ್ಣಿಗೆ ನೀರಿನಿಂದ ಎತ್ತಿದ ಹೆಣದಂತೆ ಕಂಡಿತು.

“ಮಾವ, ನೀಲಿ ಸ್ವಲ್ಪ...”

“ನೀನು ಆ ಚಿತ್ರ ನೋಡಿದ್ದೀಯಾ?”

“ಇಲ್ಲ.”

“ಮತ್ತೆ?”

ಸಹಿ ಹಾಕಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಮಷಿನ್ ಓಡಿಸಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೂರು ವಾರದ ಮೇಲೆ ಮಾವ ಮೆಟ್ಟಿಲು ಕಾಣದೆ ಮುಗ್ಗರಿಸಿದರು. ಮಗಳು ದಬಾಯಿಸಿ ಆಸ್ಪತ್ರೆಗೆ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ. ಅದು ಹಳದಿಗಟ್ಟಿ ವರ್ಷಗಳೇ ಆಗಿರಬೇಕು, ನೋಡಿದ್ದಕ್ಕೆಲ್ಲ ಹಳದಿ ಬೆರೆತಂತೆ ಕಂಡಿರುತ್ತದೆ ಎಂದರಂತೆ ಡಾಕ್ಟರು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು.

ಕೆಲಸಕ್ಕೆ ಮರಳಿದ ದಿನ ಅವರು ಆ ಹಾಳೆ ತೆಗೆದು ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, “ನಿನಗೆ ಕಂಡಿತ್ತಲ್ವಾ?” ಎಂದು ಕೇಳಿದರು.

ಪುಸ್ತಕದ ಬೈಂಡಿಂಗ್ ಇನ್ನೂ ಆಗಿರಲಿಲ್ಲ. ಕಲಾವಿದೆಗೆಂದು ಒಂದೇ ಒಂದು ಪ್ರತಿ ಹೊಲಿದು ಕಳಿಸಿದ್ದರು. ಪ್ರೆಸ್ಸಿನ ಮಾಲೀಕರ ಬಳಿ ಹೋಗಿ ಮಾವ ತಪ್ಪೊಪ್ಪಿಕೊಂಡರು. “ಅವರು ಸರಿಯಿಲ್ಲ ಅಂದ್ರೆ ಆ ಹಾಳೆ ಮತ್ತೆ ಅಚ್ಚು ಹಾಕೋಣ. ನಿಮ್ಮೊಬ್ಬರ ಮಾತಿಗೆ ಆಗಲ್ಲ” ಎಂದರು ಮಾಲೀಕರು.

ಅಂದೇ ಮಧ್ಯಾಹ್ನ ನಾವಿಬ್ಬರೂ ಕಲಾವಿದೆಯ ಮನೆಗೆ ಹೋದೆವು. ಅವರು ದಿಂಬಿಗೆ ಒರಗಿದ್ದರು. ತೊಡೆಯ ಮೇಲೆ ಅದೇ ಪುಟ ತೆರೆದಿತ್ತು.

“ನಿಮಗೆ ಹೇಗೆ ಉಪಕಾರ ತೀರಿಸಬೇಕೋ ತಿಳೀತಿಲ್ಲ” ಎಂದರು. “ಇವಳು ಹೀಗೇ ಇದ್ಲು. ಇಷ್ಟು ವರ್ಷ ಆದ್ಮೇಲೆ ಮುಖ ನೋಡಿದೆ.”

ಮಾವ ಅವರ ಕಣ್ಣುಗಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಕಪ್ಪು ಗುಡ್ಡೆಯ ಮೇಲೆ ಮಬ್ಬು ಕವಿದಿತ್ತು.

“ಮೇಡಂ, ಕಣ್ಣು ತೋರಿಸಿದ್ರಾ?”

“ಪೊರೆಯಂತೆ. ಈ ಎದೆ ಇಟ್ಕೊಂಡು ಆಪರೇಷನ್ ಬೇಡ ಅಂದ್ರು. ಇರಲಿ ಬಿಡಿ. ನೋಡಬೇಕಾದವಳನ್ನ ನೋಡಿದ್ನಲ್ಲ.”

ನಾನು ಮಾವನ ಮೊಣಕೈ ತಿವಿದೆ. ಬಣ್ಣ ತಪ್ಪಾಗಿದೆ ಎಂದು ಹೇಳಲೆಂದೇ ನಾವು ಬಂದಿದ್ದೆವು. ಮಾವ ಅಂಗೈಯಿಂದ ಆಪರೇಷನ್ ಆದ ಕಣ್ಣನ್ನು ಮುಚ್ಚಿಕೊಂಡು ಪುಸ್ತಕದ ಮೇಲೆ ಬಾಗಿದರು. ಇಬ್ಬರೂ ಆ ಪುಟ ನೋಡಿದರು.

“ಹೌದು ಮೇಡಂ. ಹೀಗೇ ಇದ್ರು” ಎಂದರು ಮಾವ.

ಬೀದಿಗೆ ಬಂದ ಮೇಲೆ ನಾನು ಸಿಡಿದೆ. “ಅವರದೊಂದು ಪ್ರತಿ ಹಾಗೇ ಇರಲಿ, ಉಳಿದದ್ದಾದ್ರೂ ಸರಿ ಮಾಡೋಣ” ಎಂದೆ. ಮಾವ ಮನೆಯ ಕಡೆ ನಡೆದರು. ನಾನೇ ಮಾಲೀಕರ ಬಳಿ ಹೋದೆ. ಅಷ್ಟರಲ್ಲಿ ಕಲಾವಿದೆಯ ಫೋನ್ ಬಂದಿತ್ತು: ತಂಗಿಯ ಪುಟದಲ್ಲಿ ಒಂದು ಚುಕ್ಕೆಯನ್ನೂ ಬದಲಿಸಬಾರದು.

“ಬರೆದವರೇ ಸರಿ ಅಂದ್ಮೇಲೆ ನಿಂದೇನಪ್ಪಾ?” ಎಂದರು ಮಾಲೀಕರು.

ಪುಸ್ತಕ ಹಾಗೆಯೇ ಹೊರಗೆ ಹೋಯಿತು. ಎರಡು ತಿಂಗಳಲ್ಲಿ ಕಲಾವಿದೆ ತೀರಿಕೊಂಡರು. ಮಾವ ಆ ಹಾಳೆಯ ನಂತರ ಯಾವುದಕ್ಕೂ ಸಹಿ ಹಾಕಲಿಲ್ಲ, ಕೆಲಸ ಬಿಟ್ಟರು. ಮಗಳು ಎಷ್ಟು ಗೋಗರೆದರೂ ಎಡಗಣ್ಣಿನ ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಕಳೆದ ವರ್ಷ ಅವರೂ ಹೋದರು. ಆ ಹುಡುಗಿಯ ಬಣ್ಣ ಬಲ್ಲವರು ಈಗ ಯಾರೂ ಇಲ್ಲ.

ಒಂದು ಪ್ರತಿ ನನ್ನ ಮನೆಯಲ್ಲಿದೆ. ಬಂದವರು ಪುಟ ಮಗುಚುತ್ತಾ ಅಲ್ಲಿಗೆ ಬಂದಾಗ ನಿಲ್ಲುತ್ತಾರೆ. “ಪಾಪ, ಈ ಹುಡುಗಿಗೆ ಏನು ಕಾಯಿಲೆ ಇತ್ತು?” ಎಂದು ಕೇಳುತ್ತಾರೆ.

ಏನೂ ಇರಲಿಲ್ಲ ಎನ್ನುತ್ತೇನೆ. ಯಾರೂ ನಂಬುವುದಿಲ್ಲ.