ನಾಲ್ಕನೇ ಪ್ಯಾನೆಲ್ಲಿನ ಕರೆ

ದೆವ್ವ, ಪ್ರೇತ ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವನು. ಕಾಡಿನ ದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದರು ಎಂದು ಕೆರೆಕಟ್ಟೆಯವನೊಬ್ಬ ಹೇಳಿದಾಗ, ಹಂದಿ ಗುಟುರು ಹಾಕಿರಬೇಕು ಎಂದು ನಾಲ್ಕು ಜನರೆದುರು ಅವನನ್ನು ಗೇಲಿ ಮಾಡಿದ್ದೆ. ಈಗ ಅವನು ಸಿಕ್ಕಿದರೆ ಕ್ಷಮೆ ಕೇಳುತ್ತೇನೆ. ನೀವು ಇದನ್ನು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಾನು ಕೊಪ್ಪದಲ್ಲಿದ್ದುಕೊಂಡು ಸುತ್ತಲಿನ ವಿದ್ಯುತ್ ಉಪಕೇಂದ್ರಗಳ ಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ಆಗಷ್ಟೇ ನಮಗೆ ಟಾರ್ಚಿನಷ್ಟು ದೊಡ್ಡ ಸೆನ್ಸರ್ ಒಂದು ಬಂದಿತ್ತು. ಕರೆಂಟು ತೆಗೆಯಬೇಕಾಗಿಲ್ಲ, ಕಬ್ಬಿಣದ ಬೀರುವಿನಂಥ ಪ್ಯಾನೆಲ್ಲಿನ ಬಾಗಿಲು ತೆರೆಯಬೇಕಾಗಿಲ್ಲ. ಹೊರಗಿನಿಂದ ಸಂದಿಗೆ ಹಿಡಿದು ಹೆಡ್‌ಫೋನ್ ಹಾಕಿಕೊಂಡರೆ, ಒಳಗೆ ಸಣ್ಣ ಕಿಡಿ ಹಾರುತ್ತಿದ್ದರೂ ಕೇಳುತ್ತಿತ್ತು, ಮೀಟರಿನ ಮುಳ್ಳೂ ಏರುತ್ತಿತ್ತು. ಮನುಷ್ಯರ ಕಿವಿಗೆ ನಿಲುಕದ ಸದ್ದನ್ನಷ್ಟೇ ಅದು ಹಿಡಿದು ಕೇಳಿಸುತ್ತಿತ್ತು. ಪಕ್ಕದಲ್ಲೇ ನಿಂತು ಮಾತಾಡಿದರೂ ಅದಕ್ಕೆ ಲೆಕ್ಕವಿಲ್ಲ.

ನರಸಿಂಹರಾಜಪುರದ ಕಡೆಯ ಒಂದು ಉಪಕೇಂದ್ರ. ಬೆಳಿಗ್ಗೆ ಹನ್ನೊಂದರ ಹೊತ್ತು. ಆಪರೇಟರ್ ನಾಗಪ್ಪ ಜೊತೆಗಿದ್ದ. ನಾಲ್ಕನೇ ಪ್ಯಾನೆಲ್ಲಿಗೆ ಹಿಡಿದಾಗ ಚಿಟಿಚಿಟಿ ಎನ್ನುವ ಸದ್ದು ಬಂತು. ಅದರ ನಡುವೆ ಸ್ಪಷ್ಟವಾಗಿ, "ಹೋಯ್, ಕೇಳ್ತಾ?"

ಅದು ನನ್ನ ಹೆಂಡತಿ ವಸಂತಿಯ ದನಿ. ಅವಳು ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು, 'ರೀ' ಅನ್ನಲು ನಾಚಿಕೆ; ಹಿತ್ತಲಿನಿಂದಾಗಲಿ ಒಲೆಯ ಮುಂದಿನಿಂದಾಗಲಿ ಹೀಗೇ ಕರೆಯುತ್ತಿದ್ದಳು. ನಾನು ಪೇಪರಿನಿಂದ ತಲೆಯೆತ್ತದೆ ಮೂರನೇ ಸಲಕ್ಕೆ ಓಗೊಡುವ ಗಂಡ. ಅವತ್ತು ಮೊದಲ ಸಲಕ್ಕೇ "ಹೂಂ, ಹೇಳು" ಅಂದೆ.

ಚಿಟಿಚಿಟಿ ತಟ್ಟನೆ ನಿಂತಿತು.

"ಇದೆಂತ ಮಾರಾಯ್ರೆ, ಮುಳ್ಳು ಇಳ್ದೇಬಿಡ್ತಲ್ಲ!" ಸೆನ್ಸರಿನ ಮೀಟರನ್ನೇ ನೋಡುತ್ತಿದ್ದ ನಾಗಪ್ಪ ಕೇಳಿದ, "ಯಾರ ಹತ್ರ ಮಾತಾಡಿದ್ರಿ?"

ಸ್ವಲ್ಪ ಹೊತ್ತಿಗೆ ಮುಳ್ಳು ಮತ್ತೆ ಏರಿತು, ಮತ್ತೆ ಅದೇ ಕರೆ. ಹೆಡ್‌ಫೋನ್ ಅವನಿಗೆ ಕೊಟ್ಟೆ. "ಒಗ್ಗರಣೆ ಸಿಡ್ದಂಗೆ ಕೇಳ್ತದೆ, ಅಷ್ಟೇ," ಅಂದ.

ಅಂಥ ಸದ್ದು ಕೇಳಿದ ಕೂಡಲೇ ವರದಿ ಬರೆಯಬೇಕು. ಬಿಟ್ಟರೆ ಪ್ಯಾನೆಲ್ ಯಾವತ್ತು ಬೇಕಾದರೂ ಸಿಡಿಯಬಹುದು. ಆದರೆ ಬರೆದರೆ ಬಿಚ್ಚುತ್ತಾರೆ, ಸರಿಮಾಡುತ್ತಾರೆ, ಸದ್ದು ಹೋಗುತ್ತದೆ. ನಾನು ನಾಚಿಕೆಬಿಟ್ಟು ಸುಳ್ಳು ಹೇಳಿದೆ: ಬ್ಯಾಟರಿ ಕಡಿಮೆಯಾಗಿದೆ, ನಾಳೆ ಬಂದು ಇನ್ನೊಮ್ಮೆ ನೋಡುತ್ತೇನೆ. ಮಾರನೆಯ ದಿನ ಹೋದೆ, ಅದರ ಮಾರನೆಯ ದಿನವೂ ಹೋದೆ. ಅವಳು ಕರೆಯುವಳು, ನಾನು ಓಗೊಡುವೆ, ಮುಳ್ಳು ಇಳಿಯುವುದು. ಎಂತ ಬೇಕಿತ್ತು ಎಂದು ಪಿಸುಗುಟ್ಟಿ ಕೇಳಿದೆ. ಅದಕ್ಕೂ ಬಂದದ್ದು ಅದೇ ಕರೆ. ಆದರೂ ಅಷ್ಟು ಕೇಳಿದರೆ ಸಾಕು, ಇನ್ನೇನೂ ಬೇಡ ಎನಿಸುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ನಾಗಪ್ಪ ಸ್ಟೂಲು ಎಳೆದುಕೊಂಡು ಅದೇ ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ಕೂತು, ಬುತ್ತಿ ಬಿಚ್ಚಿದ. "ಬನ್ನಿ, ಪತ್ರೊಡೆ ಇದೆ. ಮೂರ್ ದಿನದಿಂದ ಬರ್ತಿದೀರಿ ಅಂತ ನಮ್ಮನೆಯವ್ಳು ನಿಮ್ಗೂ ಕಟ್ಟಿದಾಳೆ."

ಪ್ಯಾನೆಲ್ ಸಿಡಿದರೆ ಮೊದಲು ಹೋಗುವವನು ಇವನೇ. ಅವನ ತೋಳು ಹಿಡಿದು ಎಬ್ಬಿಸಿ, ಅಲ್ಲಿ ಕೂರುತ್ತಾರಾ ಎಂದು ಬೈದು, ಹೊರಗೆ ಕರೆದುಕೊಂಡು ಹೋದೆ. ಅಲ್ಲೇ ಕೂತು ವರದಿ ಬರೆದೆ.

ಬಿಚ್ಚಿ ನೋಡಿದಾಗ ಒಳಗೆ ಕರೆಂಟು ಸೋರದಂತೆ ತಡೆಯುವ ಒಂದು ಇನ್ಸುಲೇಟರ್ ಸುಟ್ಟು ಕಪ್ಪಾಗಿತ್ತು. ಅದನ್ನು ಬದಲಿಸಿದರು. ಅಂಥ ಕಿಡಿ ಆಗಾಗ ನಿಂತು ನಿಂತು ಹಾರುವುದುಂಟು ಎಂದು ಎಂಜಿನಿಯರು ಹೇಳಿದರು. ಇರಬಹುದು. ಹಂಬಲಿಸುವ ಕಿವಿಗೆ ಏನು ಬೇಕಾದರೂ ಕೇಳೀತು, ಅದನ್ನೂ ಒಪ್ಪುತ್ತೇನೆ. ಆದರೆ ನಾನು ಓಗೊಟ್ಟಾಗಲೇ ಮುಳ್ಳು ಇಳಿದದ್ದು ಹೇಗೆ? ಅದನ್ನು ನಾಗಪ್ಪನೂ ಕಣ್ಣಾರೆ ಕಂಡಿದ್ದಾನೆ. ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ರಿಪೇರಿಯಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕಿತ್ತು. ಹೆಡ್‌ಫೋನ್ ಹಾಕಿಕೊಂಡು ತುಂಬ ಹೊತ್ತು ನಿಂತೆ. ಏನೂ ಇರಲಿಲ್ಲ. "ಸರಿ ಆಯ್ತಲ್ಲ?" ಎಂದು ನಾಗಪ್ಪ ಖುಷಿಯಿಂದ ಕೇಳಿದ. ತಲೆಯಾಡಿಸಿದೆ. 'ಯಾವ ಸದ್ದೂ ಇಲ್ಲ' ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಪೆನ್ನು ಹಿಡಿದು ಕೂತೆ, ತಾರೀಕು ಹಾಕಿ ಅಲ್ಲಿಗೇ ನಿಲ್ಲಿಸಿದೆ. ಕೊನೆಗೆ ನಾಗಪ್ಪನೇ ಬರೆದ, ನಾನು ಸಹಿ ಮಾಡಿದೆ.