ಆರು ಮಿಲಿಮೀಟರ್

೧೯೮೪ರಲ್ಲಿ ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಫಿಜಿಯಾಲಜಿ, ಅಂದರೆ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ಹೃದಯದ ಕೆಲಸವನ್ನು ಅಳೆದು ಅಂಕಿಗಳಲ್ಲಿ ಹೇಳಬಲ್ಲ ಸಂಶೋಧಕರನ್ನು ತಯಾರು ಮಾಡುವುದು ನನ್ನ ಹೊಣೆ. ಹೃದ್ರೋಗ ತಜ್ಞರು ನಾಳೆ ಈ ಅಂಕಿಗಳನ್ನೇ ನೆಚ್ಚಿ ಚಿಕಿತ್ಸೆ ಮಾಡುವವರು. ಆದ್ದರಿಂದ ವಿದ್ಯಾರ್ಥಿಗಳನ್ನು ಬಗ್ಗುಬಡಿದೇ ಕಲಿಸಬೇಕು ಎಂದು ನಂಬಿದ್ದೆ. ಅವರು ನನಗೆ ಹೆದರುತ್ತಿದ್ದರು. ಅದು ನನಗೆ ಹಿತವಾಗಿಯೂ ಇತ್ತು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕಿದೆ?

ಆ ವರ್ಷದ ಮಳೆಗಾಲದಲ್ಲಿ ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ, ಶಾಲೆಯ ಒಂದು ಕೋಣೆ ಕೇಳಿ ಪಡೆದು, ಫೋನೋಕಾರ್ಡಿಯೋಗ್ರಾಫ್ ಯಂತ್ರವನ್ನು ಇಳಿಸಿದೆವು. ಎದೆಯ ಮೇಲೆ ಸಣ್ಣ ಮೈಕ್ರೋಫೋನ್ ಇಟ್ಟರೆ ಹೃದಯದ ಸದ್ದನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಅದು. ಚಿಕ್ಕಂದಿನಲ್ಲಿ ಗಂಟಲುಬೇನೆ, ಕೀಲುನೋವು, ಜ್ವರ ಬಂದುಹೋದ ಕೆಲವರಿಗೆ ಹೃದಯದ ಮೈಟ್ರಲ್ ಕವಾಟ ಕ್ರಮೇಣ ಕಿರಿದಾಗುತ್ತದೆ. ಅಂಥ ಕವಾಟ ತೆರೆಯುವಾಗ ಚಟ್ ಎಂದು ಒಂದು ಸದ್ದು ಬರುತ್ತದೆ. ಅದಕ್ಕೆ ಓಪನಿಂಗ್ ಸ್ನ್ಯಾಪ್ ಎನ್ನುತ್ತೇವೆ. ಹೃದಯದ ಎರಡನೆಯ ಸದ್ದಿಗೂ, ಅಂದರೆ ಲಬ್-ಡಬ್‌ನಲ್ಲಿನ ಡಬ್‌ಗೂ, ಈ ಚಟ್ ಸದ್ದಿಗೂ ನಡುವಿನ ಅಂತರ ಕಡಿಮೆಯಾದಷ್ಟೂ ಕವಾಟ ಹೆಚ್ಚು ಕಿರಿದು. ನಮ್ಮ ಕಾಗದ ಸೆಕೆಂಡಿಗೆ ನೂರು ಮಿಲಿಮೀಟರ್ ಓಡುತ್ತಿತ್ತು. ಅಂತರ ಹತ್ತು ಮಿಲಿಮೀಟರ್ ಇದ್ದರೆ ತಡೆದುಕೊಳ್ಳಬಹುದು. ಏಳಕ್ಕಿಂತ ಕಡಿಮೆ ಬಂದರೆ ಅಪಾಯ.

ಸಂಶಿಯ ಹೆಂಗಸರ ಎದೆಯ ಮೇಲೆ ಮೈಕ್ರೋಫೋನ್ ಇಟ್ಟವಳು ಒಬ್ಬ ನರ್ಸ್. ನನ್ನ ಮೂವರು ವಿದ್ಯಾರ್ಥಿಗಳು ಕಾಲೇಜಿನಲ್ಲಿ ಕುಳಿತು ಪಟ್ಟಿಗಳನ್ನು ಮಾತ್ರ ಓದಬೇಕು. ಪಟ್ಟಿಯ ಮೇಲೆ ಹೆಸರು, ಊರು, ವಯಸ್ಸು ಏನೂ ಇಲ್ಲ, ಬರೀ ನಂಬರು. ಏದುಸಿರು ಬಿಡುವ ರೋಗಿಯನ್ನು ಕಂಡವನು ಗೆರೆಯಲ್ಲೂ ರೋಗವನ್ನೇ ಕಾಣುತ್ತಾನೆ. ಹಾಗಾಗಬಾರದೆಂದು ಈ ಏರ್ಪಾಡು. ಯಾವ ನಂಬರು ಯಾರದು ಎಂಬ ಪುಸ್ತಕ ನನ್ನ ಕಪಾಟಿನಲ್ಲಿ ಬೀಗದೊಳಗಿತ್ತು. ಎಲ್ಲ ಪಟ್ಟಿಗಳನ್ನು ಓದಿ ಮುಗಿಯುವವರೆಗೆ, ಅಂದರೆ ದೀಪಾವಳಿಯವರೆಗೆ, ಅದನ್ನು ತೆರೆಯುವಂತಿಲ್ಲ. ಸಂಶೋಧನೆಯ ದೃಷ್ಟಿಯಿಂದ ಈ ನಿಯಮದಲ್ಲಿ ತಪ್ಪಿರಲಿಲ್ಲ, ಸಂಶೋಧನಾ ವಿಧಾನದ ಪಠ್ಯಗಳಲ್ಲೂ ಹಾಗೇ ಇದೆ.

ಮೂವರಲ್ಲಿ ಒಬ್ಬಳು ಗಿರಿಜಾ, ಅಣ್ಣಿಗೇರಿಯ ಕಾಳಿನ ವ್ಯಾಪಾರಿಯ ಮಗಳು. ಜುಲೈ ಕೊನೆಯ ಒಂದು ಬೆಳಿಗ್ಗೆ ನೂರಾಹನ್ನೆರಡನೆಯ ಪಟ್ಟಿಯನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಸರ್, ಇದರಾಗ ಆರು ಮಿಲಿಮೀಟರ್ ಬರಾಕತ್ತೈತ್ರಿ. ಭಾಳ ಕಡಿಮಿ. ಯಾರದು ಅಂತ ಒಮ್ಮೆ ನೋಡೂಣ್ರಿ."

ನಾನು ಕುಳಿತಲ್ಲಿಂದಲೇ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಎಳೆಯರಲ್ಲಿ ಎರಡನೆಯ ಸದ್ದು ಉಸಿರೆಳೆದಾಗ ಎರಡಾಗಿ ಸೀಳುವುದುಂಟು. ಅದಕ್ಕೆ ಸ್ಪ್ಲಿಟ್ ಎನ್ನುತ್ತಾರೆ, ರೋಗವಲ್ಲ. ಹೊಸಬರು ಅದನ್ನೇ ಸ್ನ್ಯಾಪ್ ಎಂದು ಬಗೆದು ಗಾಬರಿಯಾಗುತ್ತಾರೆ.

"ಇದು ಸ್ಪ್ಲಿಟ್. ನಿಮ್ಮಪ್ಪನ ಅಂಗಡ್ಯಾಗ ಕಾಳು ಆರಿಸಿದಂಗ ಅಲ್ಲ ಇದು, ಡಾಕ್ಟರ್‌ಬಾಯಾರ. ಎಲ್ಲಾರ ಮುಂದ ಇಪ್ಪತ್ತು ಸಲ ಅಳೀರಿ."

ಅವಳನ್ನು ನಿಲ್ಲಿಸಿದೆ. ಉಳಿದಿಬ್ಬರು ಪ್ರತಿ ಸಲವೂ ಜೋರಾಗಿ ಎಣಿಸಬೇಕೆಂದೆ. ಅವಳು ಡಿವೈಡರಿನ ಎರಡು ಮೊನೆಗಳನ್ನು ಗೆರೆಯ ಮೇಲಿಟ್ಟು "ಆರು" ಎಂದಾಗಲೆಲ್ಲ ನಾನು ನಗುತ್ತಿದ್ದೆ, ನನ್ನನ್ನು ನೋಡಿ ಅವರಿಬ್ಬರೂ ನಗುತ್ತಿದ್ದರು. ಹದಿನೇಳನೆಯ ಸಲಕ್ಕೆ ಡಿವೈಡರ್ ಕೆಳಗಿಟ್ಟು, "ಸ್ಪ್ಲಿಟ್ ಇರಬಹುದ್ರಿ, ಸರ್" ಎಂದಳು. ರಿಜಿಸ್ಟರಿನಲ್ಲಿ ಅವಳ ಕೈಯಿಂದಲೇ "ನಾರ್ಮಲ್" ಎಂದು ಬರೆಸಿದೆ. ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಹುಡುಗರನ್ನು ತಯಾರು ಮಾಡುವುದೆಂದರೆ ಹೀಗೆ ಎಂದು ಸಹೋದ್ಯೋಗಿಯೊಬ್ಬರ ಮುಂದೆ ಜಂಬ ಕೊಚ್ಚಿದ್ದೂ ನೆನಪಿದೆ.

ದೀಪಾವಳಿ ಮುಗಿದ ಮೇಲೆ ಪುಸ್ತಕ ತೆರೆದೆವು. ಗಿರಿಜಾ ಮೊದಲು ಹುಡುಕಿದ್ದು ನೂರಾಹನ್ನೆರಡನ್ನೇ. ನೀಲವ್ವ, ಇಪ್ಪತ್ತು ವರ್ಷ, ಸಂಶಿ. ಷರಾದಲ್ಲಿ ನರ್ಸ್ ಬರೆದಿದ್ದಳು: ಮೂರು ತಿಂಗಳ ಗರ್ಭಿಣಿ.

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ತಿಂಗಳು ತುಂಬಿದಂತೆ ಏರುತ್ತದೆ. ಕಿರಿದಾದ ಕವಾಟ ಅಷ್ಟನ್ನು ಮುಂದೆ ಬಿಡಲಾರದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನು ತರಗತಿಯಲ್ಲಿ ವರ್ಷವೂ ಹೇಳುತ್ತಿದ್ದ ಪಾಠ ಇದು. ಗಿರಿಜಾ ನನ್ನ ಮುಖ ನೋಡಲಿಲ್ಲ. "ಹೋಗೂಣ್ರಿ" ಎಂದಳು, ಅಷ್ಟೇ.

ಸಂಶಿಯ ಆ ಮನೆಯಲ್ಲಿ ನಮಗೆ ಸಿಕ್ಕವಳು ನೀಲವ್ವನ ಅತ್ತೆ ಫಕೀರವ್ವ. ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ಸೊಸೆ ಎಲ್ಲಿ ಎಂದು ಕೇಳಿದೆ.

"ಸತ್ತು ಹೋದ್ಲ್ರಿ. ಆರು ತಿಂಗಳ ಬಸರಿ ಇದ್ಲು. ದಮ್ಮು ಹತ್ತಿ ಬಾಯಾಗ ಕೆಂಪು ನೊರಿ ಬಂತು. ಟ್ರ್ಯಾಕ್ಟರ್‌ನ್ಯಾಗ ಕುಂದಗೋಳಕ್ಕ ಒಯ್ಯೂದ್ರಾಗ ಹಾದ್ಯಾಗ ಹೋದ್ಲು. ಇವತ್ತಿಗೆ ಇಪ್ಪತ್ತೊಂದು ದಿನಾ."

ಅವಳು ಕೈಯಲ್ಲಿದ್ದ ಕಾಯನ್ನು ಬುಟ್ಟಿಗೆ ಹಾಕಿ ಮುಂದುವರಿಸಿದಳು.

"ಕಳೆ ತೆಗ್ಯಾಕ ಹೊಲಕ್ಕ ಹೋಗು ಅಂದ್ರ ಎದಿ ಹಿಡಿತೈತಿ ಅಂತಿದ್ಲ್ರಿ. ಮೈಗಳ್ಳಿ ಅಂತ ಬೈತಿದ್ದೆ. ಖರೇನೋ ಸುಳ್ಳೋ ನೋಡೂಣು ಅಂತ ನಾನ ಕೈ ಹಿಡದು ನಿಮ್ಮ ಮಷಿನ್ ಕಡೆ ಕರ್ಕೊಂಡು ಬಂದಿದ್ದೆ. ನೀವು ಏನೂ ಹೇಳಿ ಕಳಸಲಿಲ್ಲ. ಎದಿ ಛಲೋ ಐತಿ ಅಂತ ತಿಳಕೊಂಡೆ. ಆವಾಗಿಂದ ದಿನಾ ಹೊಲಕ್ಕ ಹಚ್ಚಿದೆ." ಆಮೇಲೆ ತಲೆಯೆತ್ತಿ ನನ್ನನ್ನೇ ಕೇಳಿದಳು: "ಅದರಾಗ ಏನ್ ಬಂದಿತ್ರಿ, ಸಾಹೇಬ್ರ?"

"ಆವಾಗ ಖಾತ್ರಿ ಇರಲಿಲ್ಲವ್ವಾ" ಎಂದೆ. ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಇಂದಿಗೂ ನಾಚಿಕೆಯಾಗುತ್ತದೆ.

ಗಿರಿಜಾ ಅವಳ ಮುಂದೆ ನೆಲದ ಮೇಲೆ ಕುಳಿತಳು. "ಬಂದಿತ್ತವ್ವಾ. ಎದಿ ಭಾಳ ಕೆಟ್ಟಿತ್ತು. ನನಗ ಕಂಡಿತ್ತು. ಆಮ್ಯಾಲೆ ಅಂಜಿ, ಏನೂ ಇಲ್ಲ ಅಂತ ಬರದೆ."

ಫಕೀರವ್ವ ಬೈಯಲಿಲ್ಲ. ಬೈದಿದ್ದರೆ ನಾನು ಒಂದಿಷ್ಟು ಹಗುರಾಗುತ್ತಿದ್ದೆ. ಬುಟ್ಟಿಯನ್ನು ಬದಿಗೆ ಸರಿಸಿ, "ಹಂಗಾರ ಆಕಿ ಸುಳ್ಳ ಹೇಳಿರಲಿಲ್ಲ" ಎಂದಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಎದ್ದು ಒಳಗೆ ಹೋದಳು. ನಾವು ಎಷ್ಟು ಹೊತ್ತು ಕಾದರೂ ಹೊರಗೆ ಬರಲಿಲ್ಲ.

ಗಿರಿಜಾ ಆ ತಿಂಗಳೇ ಸಂಶೋಧನೆ ಬಿಟ್ಟಳು. ಕಾರಣ ಬರೆಯಲಿಲ್ಲ, ನಾನು ಕೇಳಲೂ ಇಲ್ಲ. ಅವಳು ಹೋದ ಮೇಲೆ ಒಬ್ಬನೇ ಕುಳಿತು ಆ ಪಟ್ಟಿಯನ್ನು ಅಳೆದೆ. ಆರು. ಪಟ್ಟಿಯಲ್ಲಿದ್ದ ಉಸಿರಿನ ಗುರುತು ನೋಡಿದರೆ, ಉಸಿರು ಒಳಕ್ಕೆ ಹೋದಾಗಲೂ ಹೊರಕ್ಕೆ ಬಂದಾಗಲೂ ಆರೇ. ಸ್ಪ್ಲಿಟ್ ಆಗಿದ್ದರೆ ಉಸಿರಿನೊಂದಿಗೆ ಬದಲಾಗಬೇಕಿತ್ತು. ಅವಳಿಂದ ಹದಿನೇಳು ಸಲ ಅಳೆಸಿದ ನಾನು ಆ ದಿನ ಒಂದು ಸಲವೂ ಡಿವೈಡರ್ ಕೈಗೆತ್ತಿಕೊಂಡಿರಲಿಲ್ಲ. ಮಾತ್ರೆ, ವಿಶ್ರಾಂತಿ, ಬೇಕಾದರೆ ಬೆಂಗಳೂರಿನಲ್ಲಿ ಕವಾಟ ಬಿಡಿಸುವ ಶಸ್ತ್ರಚಿಕಿತ್ಸೆ, ಮೂರೂ ಆ ಕಾಲಕ್ಕೇ ಇದ್ದವು. ಎರಡು ತಿಂಗಳಿಗೂ ಹೆಚ್ಚು ಸಮಯವೂ ಇತ್ತು.

ಮುಂದಿನ ವರ್ಷದಿಂದ ನಿಯಮ ಬದಲಾಯಿಸಿದೆ. ಅಪಾಯದ ಅಂಕಿ ಬಂದರೆ ಅದೇ ದಿನ ಹೆಸರಿನ ಪುಸ್ತಕ ತೆರೆಯಬೇಕು. ವಿದ್ಯಾರ್ಥಿಯ ಓದು ತಪ್ಪೆನ್ನುವ ಗುರು ಮೊದಲು ತಾನೇ ಅಳೆಯಬೇಕು. ನಿವೃತ್ತನಾಗುವವರೆಗೆ ಇದನ್ನೇ ಕಲಿಸಿದೆ. ಇಷ್ಟನ್ನು ನಾನು ಕಲಿಯುವುದಕ್ಕೆ ಸಂಶಿಯ ಒಂದು ಹೆಣ್ಣುಮಗಳ ಜೀವ ಹೋಗಬೇಕಾಯಿತು. ಒಂದು ಎಂದೆನೇ? ಹೊಟ್ಟೆಯಲ್ಲಿದ್ದುದೂ ಸೇರಿ ಎರಡು.