ಅಡುಗೆಮನೆಯ ಗೋಡೆ ಒಡೆದ ದಿನ

ಕಾಪುವಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಮುಂಭಾಗದ ಚಾವಡಿಗೂ ನಡುವೆ ಒಂದು ಕೆಂಪುಕಲ್ಲಿನ ಗೋಡೆ ಇತ್ತು. ಅದನ್ನು ತೆಗೆಸಿ ಎರಡನ್ನೂ ಒಂದು ಮಾಡಬೇಕೆಂಬುದು ನನ್ನ ಹಟ. ಗಂಡ ಕುವೈತಿನಲ್ಲಿ, ಮನೆ ರಿಪೇರಿಯ ಅಂದಾಜು ಪಟ್ಟಿ ಹಾಕುವವಳು ನಾನೇ. ಟೈಲ್ಸ್, ಸಿಂಕ್, ಕಪಾಟು, ಬಣ್ಣ ಎಲ್ಲವನ್ನೂ ಅಳೆದು ಸುರಿದು ಬರೆದ ಮೇಲೆ ನಾನು ಆಸೆಪಟ್ಟ ಚಿಮಣಿಗೆ ದುಡ್ಡು ಸಾಲಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಉಡುಪಿಯ ಇಂಜಿನಿಯರರ ಫೀಸು. ಬಂದು ಗೋಡೆ ತಟ್ಟಿ ನೋಡಿ ಹೋಗುವುದಕ್ಕೆ ಅಷ್ಟು ಯಾಕೆ ಎಂದು ಅದನ್ನೇ ಹೊಡೆದು ಹಾಕಿದೆ.

"ಮೇಲೊಂದು ಕೋಣೆ ಉಂಟಲ್ಲ, ಒಮ್ಮೆ ಅವರನ್ನು ಕೇಳಿ ನೋಡುವ" ಎಂದರು ಅತ್ತೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೇಸ್ತ್ರಿ ಬಾಗಲಕೋಟೆ ಕಡೆಯವನು. ಹೆಂಡತಿಯೂ ಅವನ ಜೊತೆಗೆ ಕಲ್ಲು ಹೊರುತ್ತಿದ್ದಳು. ಮೊದಲ ದಿನ ಅವನು ಗೋಡೆಯ ಉದ್ದಕ್ಕೂ ಕೈಯಾಡಿಸಿ, ಮೇಲಿನ ಕೋಣೆಯ ಭಾರ ಇದರ ಮೇಲೇ ಕೂತಂತಿದೆ ಎಂದ. ಮರುದಿನ ಮತ್ತೆ ಅದೇ ರಾಗ. ಕೆಲಸ ಎಳೆಯುವ ಉಪಾಯ ಇದು ಎಂದುಕೊಂಡು ನಾನು ಸಿಡುಕಿದೆ. ಅವನು ಉಳಿ, ಸುತ್ತಿಗೆ ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಗೋಡೆಯಲ್ಲಿ ಬಾಗಿಲಿನಷ್ಟು ಕಂಡಿಯಾಗಿತ್ತು. ನಾನು ಚಾವಡಿಯಲ್ಲಿ ಟೈಲ್ಸಿನ ಬಣ್ಣ ಆರಿಸುತ್ತಿದ್ದೆ. ತಲೆಯ ಮೇಲೆ ಟಪ್ಪೆಂದು ಸದ್ದಾಯಿತು, ಗಾರೆಯ ಹುಡಿ ಕೈಮೇಲೆ ಉದುರಿತು. ನೋಡಿದರೆ, ಕಂಡಿಯ ಮೇಲಿನಿಂದ ಹೊರಟ ಬಿರುಕು ಸ್ಲ್ಯಾಬಿನಲ್ಲಿ ಫ್ಯಾನಿನ ತನಕ ಬಂದಿದೆ.

ಮೇಸ್ತ್ರಿ ತನ್ನ ಹೆಂಡತಿಯ ತಲೆಯ ಮೇಲಿದ್ದ ಕಲ್ಲನ್ನು ಎಳೆದು ಕೆಳಗೆ ಹಾಕಿ ಅವಳನ್ನು ಅಂಗಳಕ್ಕೆ ದಬ್ಬಿದ. ನಾನು ಅತ್ತೆಯ ಕೈ ಹಿಡಿದು ಹೊರಗೆ ಓಡಿದೆ. ಅವನೂ ಬಂದ. ಆದರೆ ಕಂಡಿಯ ಮೇಲೆ ಲಿಂಟಲ್ ತೊಲೆ ಕೂರಿಸುವಾಗ ಆಸರೆಗೆಂದು ಅಂಗಳದಲ್ಲಿ ಇಟ್ಟಿದ್ದ ನಾಲ್ಕು ಕಬ್ಬಿಣದ ಜಾಕಿಗಳಲ್ಲಿ ಒಂದನ್ನು ಹೆಗಲಿಗೇರಿಸಿಕೊಂಡು ಮತ್ತೆ ಒಳಗೆ ಹೋದ. ಬೇಡ, ಹೊರಗೆ ಬಾ ಎಂದು ಕೂಗಿದೆ. ಅವನು ತಿರುಗಿ ನೋಡಲಿಲ್ಲ. ಸ್ಲ್ಯಾಬಿಗೆ ಆಸರೆ ಕೊಟ್ಟು ಜಾಕಿಯ ತಿರುಪು ಬಿಗಿಮಾಡುವ ಸದ್ದಷ್ಟೇ ಹೊರಗೆ ಕೇಳುತ್ತಿತ್ತು. ಒಂದಾಯಿತು. ಎರಡನೆಯದಕ್ಕೆ ಬಂದ. ಮೂರನೆಯದು ಒಳಗೆ ಹೋದಾಗ ಮತ್ತೊಮ್ಮೆ ಟಪ್ಪೆಂದಿತು, ತಿರುಪಿನ ಸದ್ದು ನಿಂತಿತು.

ಅವನ ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಮನೆ ಬಿದ್ದರೆ ಬೀಳಲಿ, ಇವನೊಬ್ಬ ಹೊರಗೆ ಬರಲಿ ಎಂದು ನಾನು ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡೆ. ಎಷ್ಟು ಹೊತ್ತೋ ತಿಳಿಯದು, ತಿರುಪು ಮತ್ತೆ ಕಿರುಗುಟ್ಟಿತು.

ನಾಲ್ಕನೆಯದನ್ನೂ ನಿಲ್ಲಿಸಿ ಅವನು ಹೊರಗೆ ಬಂದ. ಮೈಯೆಲ್ಲ ಕೆಂಪು ಹುಡಿ. ನಲ್ಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕಟ್ಟೆಯ ಮೇಲೆ ಕೂತ. ಇಂಜಿನಿಯರರಿಗೆ ಈಗಲೇ ಹೇಳಿಕಳಿಸುತ್ತೇನೆ ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಸಾಕಿತ್ತು. ಹೆದರಿಕೆ ಇಳಿದಂತೆ ಸಿಟ್ಟು ಏರಿತು. ಇಷ್ಟು ಅಪಾಯ ಎಂದು ಗೊತ್ತಿದ್ದರೆ ಗಟ್ಟಿಯಾಗಿ ಹೇಳಬಾರದಿತ್ತೇ ಎಂದು ಅವನನ್ನೇ ಗದರಿದೆ.

"ಎರಡು ಸಲ ಹೇಳೀನ್ರಿ ಅಕ್ಕಾರ" ಎಂದ ಅವನು. "ಮೂರನೇ ಸಲ ಹೇಳಿದ್ರ ನೀವು ಬ್ಯಾರೆ ಮೇಸ್ತ್ರಿನ ಕರೀತಿದ್ರಿ."

ಹಿಂದಿನ ಸಂಜೆಯೇ ನಾನು ಸಂತೆಕಟ್ಟೆಯ ಇನ್ನೊಬ್ಬ ಮೇಸ್ತ್ರಿಗೆ ಫೋನು ಮಾಡಿ ರೇಟು ಕೇಳಿದ್ದೆ.